ವಾಮನ ದೇವಾಡಿಗನ ಮರುಭೂಮಿ ದಿಗ್ವಿಜಯ

ನೀರು ಹೊಸ್ತಿಲಿನ ಕಡೆಗೇ ತಿರುಗಿತು.

ಸುಡುವ ಹಾಸುಗಲ್ಲಿನ ಮೇಲೆ ಎದೆಯೂರಿ, ಗಲ್ಲವನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಆ ಜಲರೇಖೆಯ ನಡೆಯನ್ನೇ ಹಿಂಬಾಲಿಸುತ್ತ ಮಲಗಿದ್ದ ಮಹಾವೀರನು, ವೈರಿಯ ಕುಟಿಲವನ್ನು ಕಡೆಗೂ ಬಯಲಿಗೆಳೆದ ಸೇನಾಪತಿಯಂತೆ ನಿಡಿದಾಗಿ ಉಸಿರುಬಿಟ್ಟನು. ಅವನ ತಲೆಯ ಬಳಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನೊಂದು ಅರ್ಧ ಖಾಲಿಯಾಗಿ ನಿಂತಿತ್ತು. ಅವನ ಬೆನ್ನಿನ ಮೇಲೆ ಕಪ್ಪು ಕೊಡೆಯೊಂದರ ನೆರಳು ಬಿದ್ದಿತ್ತು. ಆ ಕೊಡೆಯನ್ನು ಹಿಡಿದಿದ್ದ ಮನೆದಲ್ಲಾಳಿ ನಿಸಾರನ ಮೇಲೆ ಮಾತ್ರ ಯಾವ ನೆರಳೂ ಇರಲಿಲ್ಲ. ಬಡಾವಣೆಯ ಕಾವಲುಗಾರನು ಇದು ಪ್ರಾರ್ಥನೆಯೋ ಮೂರ್ಛೆಯೋ ತಿಳಿಯದೆ, ಎರಡಕ್ಕೂ ಸಲ್ಲುವಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದನು.

"ಹ್ವಾಯ್, ಏಳಿ. ಎದಿ ಸುಟ್ಟ್ ಹೋತ್ತ್," ಎಂದಳು ಗೇಟಿನ ಬಳಿ ನಿಂತಿದ್ದ ಹೆಂಡತಿ.

"ಒಂದ್ ಗಳಿಗಿ ಸುಮ್ನಿರ್. ನೀರ್ ಯೋಚ್ನಿ ಮಾಡ್ತಾ ಇತ್ತ್," ಎಂದನು ವೀರನು.

ಎಲೈ ವಾಗ್ದೇವಿಯೇ, ಶ್ವೇತವಸನೇ, ಬಾ. ಬಂದು ನನ್ನ ನಾಲಗೆಯ ತುದಿಯಲ್ಲಿ ಕುಳಿತುಕೊ. ಹೊರಗೆ ಬಹಳ ಬಿಸಿಲಿದೆ, ಮೊದಲು ಎ.ಸಿ. ಹಾಕುತ್ತೇನೆ. ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುವ, ಮನುಷ್ಯರು ಮಾತ್ರ ಮುಚ್ಚಿಕೊಂಡಿರುವ ಈ ಯುಗದಲ್ಲಿ, ಕೆರೆಯಿಲ್ಲದ ನೆಲಕ್ಕೆ ಕೆರೆಯ ಹೆಸರನ್ನೂ ಹುಲ್ಲಿಲ್ಲದ ನೆಲಕ್ಕೆ ಹುಲ್ಲುಗಾವಲಿನ ಹೆಸರನ್ನೂ ಇಟ್ಟು ಬಾಡಿಗೆಗೆ ಕೊಡುವ ಈ ಯುಗದಲ್ಲಿ, ಕೊಲ್ಲಿಯ ಮಹಾನಗರವೊಂದರ ಹೊರಮೈಯಲ್ಲಿ ಮರಳನ್ನು ಸರಿಸಿ ಕಟ್ಟಿದ ವಾದಿ ನಜ್ಮಾ ಎಂಬ ಉಪನಗರಿಯೊಳಗೆ, ಬರಲಿರುವ ಮಳೆಯೊಂದರ ವಿರುದ್ಧ ಏಕಾಂಗಿಯಾಗಿ ಯುದ್ಧ ಸಾರಿದ ಪುರುಷನ ಕಥೆಯನ್ನು ಹೇಳುವ ಶಕ್ತಿಯನ್ನು ಕೊಡು. ಆ ಮಳೆ ಬರಲಿಲ್ಲವೆಂಬ ಸಣ್ಣ ವಿಷಯದಿಂದ ನನ್ನ ಶೈಲಿ ಕುಂದದಿರಲಿ.

ಆತನೇ ಉಪ್ಪುಂದಕಡಲತೀರಸಂಭೂತನೂ, ಶೀತಕಯಂತ್ರಬಿಡಿಭಾಗಭಂಡಾರಪಾಲಕನೂ, ಪಂಚಲೀಟರಜಲಕುಂಭಧಾರಿಯೂ ಆದ ವಾಮನ ದೇವಾಡಿಗ. ಎ.ಸಿ. ಮಾರುವ ಕಂಪನಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವವನು. ಕಂಪನಿಯು ತನ್ನ ಉಗ್ರಾಣವನ್ನು ನಗರದ ನಡುವಿನಿಂದ ಕಿತ್ತು ಈ ಮರಳಿನ ಉಪನಗರಿಗೆ ತಂದಿತ್ತು. ನಗರದಲ್ಲಿ ಗಂಡಹೆಂಡಿರು ವಾಸವಿದ್ದ ಹಳೆಯ ಕಟ್ಟಡವನ್ನು ಮುಂದಿನ ವಾರ ಕೆಡವುವವರಿದ್ದರು. ಯಾವ ಬಡಾವಣೆ ಬೇಕೆಂದು ಇಂದು ಸೂರ್ಯ ಮುಳುಗುವುದರೊಳಗೆ ಹೇಳತಕ್ಕದ್ದು; ಹೇಳದಿದ್ದರೆ ಕಂಪನಿಯೇ ತನಗೆ ತೋಚಿದ ಮನೆಯನ್ನು ಕೊಡತಕ್ಕದ್ದು ಎಂದು ಆಜ್ಞೆಯಾಗಿತ್ತು.

ಬೇರೆಯವರು ಮನೆ ನೋಡಲು ಹೋದಾಗ ಕೋಣೆ ನೋಡುತ್ತಾರೆ, ಗಾಳಿ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ. ವಾಮನನು ನೆಲದ ಇಳಿಜಾರು ನೋಡುತ್ತಿದ್ದನು. ಕಡಲಿನ ಕಡೆಯಿಂದ ಮಳೆ ಅಡ್ಡಡ್ಡವಾಗಿ ನುಗ್ಗುವ ಊರಿನಲ್ಲಿ ಹುಟ್ಟಿದವನು ಅವನು. ಮೇ ತಿಂಗಳು ಮುಗಿಯುವ ಮೊದಲು ಪಡುಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟದವನನ್ನು ಆ ಊರಿನಲ್ಲಿ ಗಂಡಸೆಂದು ಕರೆಯುತ್ತಿರಲಿಲ್ಲ. ಒಂದು ಆಷಾಢದಲ್ಲಿ ಅಂಗಳದ ನೀರು ಅಡುಗೆಮನೆಗೆ ನುಗ್ಗಿ, ಗಂಜಿಯ ಪಾತ್ರೆ ತೇಲುತ್ತ ಹೋಗಿ, ಅದರ ಮುಚ್ಚಳದ ಮೇಲೆ ಕಪ್ಪೆಯೊಂದು ಯಜಮಾನನಂತೆ ಕುಳಿತಿದ್ದುದನ್ನು ಅವನು ಬಾಲ್ಯದಲ್ಲಿ ಕಂಡಿದ್ದನು. ಅಂದಿನಿಂದ ಮನೆಯೆಂದರೆ ಅವನ ಪಾಲಿಗೆ ನೀರನ್ನು ಬೇರೆ ಕಡೆಗೆ ಕಳುಹಿಸುವ ಒಂದು ಉಪಕರಣ. ಅದರೊಳಗೆ ಮನುಷ್ಯರೂ ಇರಬಹುದಾಗಿತ್ತು. ಆದರೆ ಅದು ಎರಡನೆಯ ಮಾತು.

ಈ ಮೊದಲನೆಯ ಬಡಾವಣೆಯ ಹೆಸರು ಸಿಲ್ವರ್ ಲಗೂನ್. ಅಲ್ಲಿ ಬೆಳ್ಳಿಯೂ ಇರಲಿಲ್ಲ, ನೀರೂ ಇರಲಿಲ್ಲ. ವಾಮನ ಸುರಿದ ಅರ್ಧ ಕ್ಯಾನೇ ಅದರ ಇತಿಹಾಸದ ಮೊದಲ ಸರೋವರ. ಅದು ಈಗ ಅಂಗಳವನ್ನು ದಾಟಿ, ಮೆಟ್ಟಿಲಿನ ಬುಡಕ್ಕೆ ಬಂದು, ಹೊಸ್ತಿಲನ್ನು ನೆಕ್ಕಿ ನಿಂತಿತು.

ವೀರನು ಎದ್ದನು. ಅಂಗಿಯ ಮುಂಭಾಗಕ್ಕೆಲ್ಲ ಧೂಳು ಹತ್ತಿ, ಅವನು ನಿಂತಿದ್ದರೂ ಮಲಗಿದಂತೆ ಕಾಣುತ್ತಿದ್ದನು. ಅಂಥ ಅವನು ಆ ಭವನವನ್ನು ನಿಟ್ಟಿಸಿ, "ಎಲೈ ಲಗೂನನಾಮಧಾರಿಣಿಯಾದ ಮಾಯಾವಿನಿಯೇ, ಅಮೃತಶಿಲೆಯ ಮುಖವಾಡ ತೊಟ್ಟು ಪರದೇಶಿಗಳನ್ನು ಮೋಹಿಸುವವಳೇ, ನಿನ್ನ ಅಂಗಳವು ಹೊರಗೆ ನಗುತ್ತ ಒಳಗೆ ಇಳಿಯುವುದನ್ನು ನಾನು ಕಂಡೆನು. ಆಷಾಢದ ಅಷ್ಟದಿಕ್ಕುಗಳೂ ಒಂದಾಗಿ ಮೊರೆಯುವ ದಿನ ನೀನು ಶತ್ರುವಿಗೆ ಬಾಗಿಲು ತೆರೆಯುವವಳು. ನಿನಗೆ ಧಿಕ್ಕಾರ" ಎಂದು ನುಡಿದನು. ಇದು ಅವನ ಹೃದಯದ ಮಾತು. ಬಾಯಿಂದ ಹೊರಟದ್ದು ಇಷ್ಟು:

"ನೀರ್ ಒಳ್ಗ್ ಬತ್ತ್. ಆತಿಲ್ಲೆ."

ನಿಸಾರನು ಗಂಗೊಳ್ಳಿಯವನು, ಅಂದರೆ ವಾಮನನ ಊರಿಗೆ ಕೂಗಳತೆಯವನು. ಊರಿನವನೆಂಬ ಒಂದೇ ಕಾರಣಕ್ಕೆ ಕೊಡೆ ಹಿಡಿದಿದ್ದನು. "ವಾಮನಣ್ಣ, ಇಲ್ಲ್ ಮಳಿ ಎಲ್ಲಿತ್ತ್ ಮರಾಯ್ರೆ? ನಾ ಈ ದೇಶಕ್ಕ್ ಬಂದಾಗಿಂದ ಕೊಡಿ ಬಿಡಿಸಿದ್ದೆಲ್ಲ ಬಿಸ್ಲಿಗೇ."

"ಮಳಿ ಬತ್ತಿಲ್ಲೆ ಅಂದೇಳಿ ನಿಮ್ಗ್ ಯಾರ್ ಹೇಳ್ದ್?"

"ಎಲ್ರೂ ಹೇಳ್ತ್ರ್."

"ಹಂಗಾರೆ ಬಂದಾಗ ಅವ್ರೆಲ್ಲ ಬತ್ರಾ, ನೀರ್ ಎತ್ತುಕೆ?"

ನಿಸಾರನು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದನು.

ಇತ್ತ ಗೇಟಿನ ಬಳಿ ಇನ್ನೊಂದು ಯುದ್ಧ ಸದ್ದಿಲ್ಲದೆ ನಡೆಯುತ್ತಿತ್ತು. ವಾಮನನ ಅರ್ಧಾಂಗಿಯೂ, ಅವಾಹನಚಾಲಿನಿಯೂ, ಪಾದಚಾರಿಣೀಕುಲಶಿರೋಮಣಿಯೂ ಆದ ಜಲಜಾಕ್ಷಿಗೆ ಇಳಿಜಾರಿನ ಗೊಡವೆಯಿರಲಿಲ್ಲ. ಹಳೆಯ ಮನೆಯಲ್ಲಿ ಅವಳು ಸಂಜೆಯಾಗುತ್ತಲೇ ಲಿಫ್ಟು ಇಳಿದು ಬೀದಿಗೆ ಬೀಳುವಳು. ಮೀನಿನ ಕಟ್ಟೆಯಲ್ಲಿ ನಾಲ್ಕು ಭಾಷೆಗಳನ್ನು ಬೆರೆಸಿ ಜಗಳವಾಡುವಳು. ದರ್ಜಿಯ ಅಂಗಡಿಯ ಮುಂದೆ ನಿಂತು ಅವನ ಮಗಳ ಮದುವೆಯ ವಿಷಯ ಕೇಳುವಳು. ಕೊಳ್ಳಲು ಏನೂ ಇಲ್ಲದ ದಿನ ಕೊತ್ತಂಬರಿ ಸೊಪ್ಪನ್ನಾದರೂ ಮೂಸಿ ನೋಡಿ ಬರುವಳು. ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಆ ಬೀದಿಯಿಲ್ಲದಿದ್ದರೆ ದಿನವೆಲ್ಲ ಮಾತಿಗೆ ಅವಳಿಗೆ ಫ್ರಿಜ್ಜೊಂದೇ ಗತಿ. ಕಾರು ಕಲಿಯಲು ಅವಳು ಒಮ್ಮೆ ಹೋಗಿದ್ದಳು. ನಡುದಾರಿಯಲ್ಲಿ ಕಲಿಸುವವಳೇ ಇಳಿದು ನಡೆದುಹೋದ ಮೇಲೆ ಆ ವಿದ್ಯೆ ಅಲ್ಲಿಗೇ ನಿಂತಿತು. ಆದುದರಿಂದ ಹೊಸ ಮನೆಯಿಂದ ತನ್ನ ಕಾಲು ತನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಷ್ಟೇ ಅವಳ ಚಿಂತೆ. ಎಲ್ಲಿಗೂ ಒಯ್ಯದಿದ್ದರೆ ಅವಳು ಸೆರೆಯಾದಂತೆ. ಇದನ್ನು ಅವಳು ಗಂಡನಿಗೆ ಹೇಳಿದ್ದಳು. ಅವನು ಕೇಳಿಸಿಕೊಂಡು, "ಅದ್ ಸರಿ, ಆರೆ ಪಡುದಿಕ್ಕಿನ ಗೋಡಿ ಹ್ಯಾಂಗಿತ್ತ್ ಕಾಣ್ಕ್," ಎಂದಿದ್ದನು.

ಅವಳು ಕಾವಲುಗಾರನನ್ನು ಹಿಂದಿಯಲ್ಲಿ ಕೇಳಿದಳು, ಅಂಗಡಿ ಎಲ್ಲಿದೆ ಎಂದು. ಹತ್ತಿರವೇ, ಕಾರಿನಲ್ಲಿ ಹೋದರೆ ಈಗ ಬಂತು ಎನ್ನುವಷ್ಟರಲ್ಲಿ ಬರುತ್ತದೆ, ಎಂದನು ಅವನು. ನಡೆದು ಹೋದರೆ ಎಂದಳು. ಅವನು ಟೋಪಿಯನ್ನು ತಲೆಗೆ ಹಾಕಿಕೊಂಡು ರಸ್ತೆಯ ಎರಡೂ ಕಡೆಗೆ ನೋಡಿದನು. ಕೊನೆಗೆ, ನಡೆದು ಹೋದವರನ್ನು ತಾನು ಕಂಡಿಲ್ಲ, ಆದರೆ ಅಂಥದೊಂದು ನಡೆಯಬಾರದೆಂಬ ನಿಯಮವೂ ಇಲ್ಲ ಎಂದನು.

ಜಲಜಾಕ್ಷಿ ಚಪ್ಪಲಿಯ ಬಾರು ಬಿಗಿದುಕೊಂಡು ಗೇಟಿನಾಚೆ ಹೊರಟಳು. ಎಡಕ್ಕೆ ಗೋಡೆ. ಬಲಕ್ಕೆ ರಸ್ತೆ. ಗೋಡೆಗೂ ರಸ್ತೆಗೂ ನಡುವೆ ಕಾಲಿಡಲು ಒಂದು ಗೇಣು ಅಂಚು. ಗೋಡೆ ಮುಗಿದಲ್ಲಿ ಇನ್ನೊಂದು ಗೋಡೆ ಆರಂಭವಾಯಿತು. ಹಿಂತಿರುಗಿ ಬಂದಾಗ ಅವಳ ಮುಖ ಹಂಚಿನಂತೆ ಕಾದಿತ್ತು.

"ಗೋಡಿ ಬಿಟ್ರೆ ಗೋಡಿ," ಎಂದಳು. ಹೀಗೆ ಗಂಡಹೆಂಡಿರು ಬೇರೆ ಬೇರೆ ಕಾರಣಗಳಿಂದ ಒಂದೇ ಬಡಾವಣೆಯನ್ನು ತಿರಸ್ಕರಿಸಿ, ತಾವಿಬ್ಬರೂ ಒಮ್ಮತದವರೆಂಬ ಭ್ರಮೆಯಲ್ಲಿ ನಿಸಾರನ ಕಾರನ್ನೇರಿದರು.

ಎರಡನೆಯ ರಣಭೂಮಿ ಮೆಡೋ ಗೇಟ್. ಅಲ್ಲಿ ಮೊದಲೇ ಬಂದು ನೆಲೆನಿಂತಿದ್ದವನು ಅದೇ ಕಂಪನಿಯ ಲೆಕ್ಕಿಗ, ಮೈಸೂರಿನ ಕಡೆಯ ಮಾದೇವಪ್ರಸಾದ್. ಅವನ ಮನೆಯ ಮುಂದೆ ಕಣ್ಣು ಕುಕ್ಕುವ ಹಸಿರು. ಆ ಹಸಿರಿನ ನಡುವೆ ಬಿಳಿ ಕುರ್ಚಿ. ಆ ಕುರ್ಚಿಯ ಮೇಲೆ ಬರ್ಮುಡಾಧಾರಿಯಾಗಿ, ಕೃತಕತೃಣಸಾಮ್ರಾಜ್ಯಚಕ್ರವರ್ತಿಯಾಗಿ ಅವನು ವಿರಾಜಿಸುತ್ತಿದ್ದನು.

"ಬನ್ನಿ ಬನ್ನಿ ವಾಮನ್ ಅವ್ರೇ. ಪಕ್ಕದ್ಮನೆ ಖಾಲಿ ಇದೆ, ನಿಮಗೋಸ್ಕರಾನೇ ಕಾಯ್ತಾ ಇದೆ. ಇಬ್ರೂ ಒಟ್ಟಿಗೆ ಇದ್ಬಿಡಣ. ಬೆಳಿಗ್ಗೆ ಒಂದೇ ಕಾರು, ಪೆಟ್ರೋಲೂ ಉಳೀತು."

ಹೀಗೆ ಸ್ವಾಗತಿಸಿದವನು, ಅತಿಥಿಗಳು ಕುಳಿತ ಮೇಲೆ ಎದೆಯುಬ್ಬಿಸಿ ತನ್ನ ರಾಜ್ಯದ ಮಹಿಮೆಯನ್ನು ಬಣ್ಣಿಸತೊಡಗಿದನು. ತನ್ನ ಹುಲ್ಲು ಬೆಳೆಯುವುದಿಲ್ಲ, ಆದುದರಿಂದ ಕತ್ತರಿಸುವ ಸಂಕಟವಿಲ್ಲ. ಬಾಡುವುದಿಲ್ಲ, ಆದುದರಿಂದ ನೀರಿನ ಸಂಕಟವಿಲ್ಲ. ದನ ಬಂದರೂ ತಿನ್ನುವುದಿಲ್ಲ, ಆದುದರಿಂದ ಬೇಲಿಯ ಸಂಕಟವಿಲ್ಲ. ಈಜುಕೊಳವಿದೆ, ಅದಕ್ಕೆ ಯಾರೂ ಇಳಿಯುವುದಿಲ್ಲವಾದ್ದರಿಂದ ಸದಾ ಶುದ್ಧವಾಗಿದೆ. ವ್ಯಾಯಾಮಶಾಲೆಯಿದೆ, ಅದರ ಚಿತ್ರಗಳನ್ನು ಫೋನಿನಲ್ಲಿ ನೋಡಬಹುದು. "ಸ್ವರ್ಗ ಕಣ್ರೀ. ಸತ್ತೋಗೋ ಕಷ್ಟ ಒಂದಿಲ್ಲ, ಅಷ್ಟೇ," ಎಂದು ಮುಗಿಸಿದನು.

ವಾಮನನು ಸಹಿಸಲಾರದೆ ಹೋದನು. ಹೊಗಳಿಕೆಗೆ ಹೊಗಳಿಕೆಯಿಂದಲೇ ಉತ್ತರ ಕೊಡುವುದು ವೀರಧರ್ಮ; ಗಂಜಿಯ ಪಾತ್ರೆಯ ಮೇಲೆ ಕುಳಿತಿದ್ದ ಕಪ್ಪೆಯನ್ನು ಅವನು ಆ ಗಳಿಗೆಯ ಮಟ್ಟಿಗೆ ಮರೆತನು.

"ನಿಮ್ ಹುಲ್ಲ್ ಚಂದ ಇತ್ತ್ ಸಾರ್. ಆರೆ ನಮ್ಮ್ ಮನಿ ಒಂದ್ ಇದ್ದಿತ್ತ್ ಉಪ್ಪುಂದದಗೆ. ನಮ್ಮಜ್ಜ ಕಟ್ಸಿದ್ದ್. ಆಷಾಢದಗೆ ಹಗ್ಲ್ ರಾತ್ರಿ ಹೊಡ್ದ್ರೂ, ಕಡ್ಲೇ ಎದ್ದ್ ಬಂದಂಗೆ ಆರೂ, ಒಲಿ ಪಕ್ಕ ಇಟ್ಟ ಬೆಂಕಿಪೆಟ್ಗಿ ತಂಪಾತಿರ್ಲಿಲ್ಲೆ. ಗೀರಿದ್ರೆ ಹತ್ತುದೇ. ಅದ್ ಮನಿ ಅಂದ್ರೆ. ನಿಮ್ಮನಿ ಬೆಂಕಿಪೆಟ್ಗಿ ಹ್ಯಾಂಗೆ?"

"ನಮ್ದು ಇಂಡಕ್ಷನ್ ಸ್ಟವ್ವು," ಎಂದನು ಮಾದೇವಪ್ರಸಾದ್, ಏನೋ ಸೋತಂತಾಗಿ.

ಆ ಗಳಿಗೆಯನ್ನೇ ಹಿಡಿದು ವಾಮನನು ಎದ್ದು, ಕ್ಯಾನಿನ ಮುಚ್ಚಳ ಬಿಚ್ಚಿ, ಚಕ್ರವರ್ತಿಯ ಹಸಿರಿನ ನಟ್ಟನಡುವೆ ನೀರನ್ನು ಸುರಿದನು.

"ಏ ಏ ಏ, ಏನ್ರೀ ಅದು. ನೀರ್ ಬಿದ್ರೆ ವಾಸ್ನೆ ಬರತ್ತೆ ಕಣ್ರೀ ಅದು. ಒದ್ದೆ ನಾಯಿ ವಾಸ್ನೆ."

"ಹುಲ್ಲಿಗೆ ನೀರ್ ಬಿದ್ರೆ ವಾಸ್ನಿ ಬತ್ತಾ?" ವಾಮನನ ದನಿಯಲ್ಲಿ ಆಶ್ಚರ್ಯಕ್ಕಿಂತ ಕರುಣೆ ಹೆಚ್ಚಿತ್ತು.

"ನೀವು ಒರೆಸ್ಕೊಡಿ ಈಗ."

"ತಡೀರಿ. ಎತ್ಲಾಗ್ ಹೋತ್ತ್ ಕಾಂಬ."

ಇಬ್ಬರು ವೀರರೂ ಮೊಣಕಾಲೂರಿ, ಹಣೆಗೆ ಹಣೆ ತಾಗುವಷ್ಟು ಸಮೀಪದಲ್ಲಿ, ಒಬ್ಬನು ಒರೆಸಲೆಂದೂ ಇನ್ನೊಬ್ಬನು ಒರೆಸಗೊಡದಿರಲೆಂದೂ, ಒಂದೇ ಟವೆಲಿನ ಎರಡು ತುದಿಗಳನ್ನು ಹಿಡಿದು ಎಳೆದಾಡುತ್ತಿದ್ದರು. ನಿಸಾರನು ಯಾರ ಮೇಲೆ ಕೊಡೆ ಹಿಡಿಯುವುದೆಂದು ತಿಳಿಯದೆ ಇಬ್ಬರ ನಡುವಿನ ಟವೆಲಿನ ಮೇಲೆ ಹಿಡಿದನು. ಆಗಲೇ, ಬಡಾವಣೆಯ ನಿಜವಾದ ಬೇಲಿಗಿಡಗಳಿಗೆಂದು ಗೋಡೆಯ ಬುಡದಲ್ಲಿ ಹೂತಿದ್ದ ಕೊಳವೆಗಳು, ಯಾವುದೋ ಕಾಣದ ಕಂಪ್ಯೂಟರಿನ ಆಜ್ಞೆಯಂತೆ, ಬುಸ್ಸೆಂದು ಹೆಡೆಯೆತ್ತಿದವು. ಗಾಳಿ ಪಡುವಣದಿಂದ ಬೀಸುತ್ತಿತ್ತು. ನೀರು ಬೇಲಿಯನ್ನು ಬಿಟ್ಟು ಅಡ್ಡಡ್ಡವಾಗಿ ಬಂದು ವೀರರ ಮೇಲೂ, ಕುರ್ಚಿಯ ಮೇಲೂ, ಬಾಗಿಲಿನ ಮೇಲೂ ಅಪ್ಪಳಿಸಿತು.

ಎಲ್ಲರೂ ಓಡಿದರು. ವಾಮನನೊಬ್ಬನು ನಿಂತನು. ಅವನ ಕನ್ನಡಕದಿಂದ ನೀರು ತೊಟ್ಟಿಕ್ಕುತ್ತಿತ್ತು, ಕೂದಲು ಹಣೆಗೆ ಅಂಟಿತ್ತು, ಮುಖದ ಮೇಲೆ ಬಹಳ ವರ್ಷಗಳಿಂದ ಆ ದೇಶ ನೋಡದಿದ್ದ ಒಂದು ಸುಖವಿತ್ತು. ಬಾಗಿಲಿನ ಅಡಿಯಿಂದ ನೀರು ಒಳನುಗ್ಗಿತು. ಒಳಗಿನಿಂದ ಕಾಲೊರೆಸುವ ಚಾಪೆಯೊಂದು ಮೆಲ್ಲಗೆ ತೇಲುತ್ತ ಹೊಸ್ತಿಲಿಗೆ ಬಂದು, ಹೊರಗೆ ನೋಡಿ, ಮತ್ತೆ ಒಳಗೆ ಹೋಯಿತು.

"ಕಂಡ್ರ್ಯಾ," ಎಂದನು ವಾಮನನು, ಪ್ರವಾದಿಯ ಶಾಂತಿಯಿಂದ. "ನಾ ಹೇಳ್ಲಿಲ್ಯಾ."

ಈ ಮಹಾಪ್ರಳಯದ ಹೊತ್ತಿನಲ್ಲಿ ಜಲಜಾಕ್ಷಿ ಒಳಗೆ ಮಾದೇವಪ್ರಸಾದನ ಹೆಂಡತಿ ಸುಗುಣಳ ಜೊತೆ ಸೋಫಾದ ಮೇಲೆ ಕಾಲೆತ್ತಿಕೊಂಡು ಕುಳಿತಿದ್ದಳು. ಸುಗುಣಾ ಪದೇ ಪದೇ ತಿನ್ನಲು ಏನಾದರೂ ತರುತ್ತಿದ್ದಳು. ಬಂದವರು ಎದ್ದುಹೋಗದಿರಲೆಂದು ತಟ್ಟೆ ಖಾಲಿಯಾಗಗೊಡುತ್ತಿರಲಿಲ್ಲ.

"ಸಂಜಿಗೆ ಎತ್ಲಾಗ್ ನಡೀತ್ರಿ ನೀವ್?" ಎಂದು ಕೇಳಿದಳು ಜಲಜಾಕ್ಷಿ.

"ನಡೆಯೋದಾ? ಟ್ರೆಡ್‌ಮಿಲ್ ಇದೆಯಲ್ಲ. ಬಟ್ಟೆ ಒಣಗ್ಹಾಕಿದೀನಿ ಅದರ ಮೇಲೆ."

"ಪಕ್ಕದ್ ಮನಿಯರ್ ಯಾರ್?"

ಸುಗುಣಾ ಕಿಟಕಿಯಿಂದ ಇಣುಕಿ ನೋಡಿದಳು. "ಬಿಳೀ ಕಾರಿನವರು," ಎಂದಳು. ಆಮೇಲೆ, "ಇನ್ನೊಂಚೂರು ಚಕ್ಲಿ ಹಾಕ್ಕೊಳ್ಳಿ. ನೀವು ಬಂದ್ಬಿಡಿ ಅಕ್ಕ. ನೀವು ಬಂದ್ರೆ ನಾನು ದಿನಾ ಮಾತಾಡ್ತೀನಿ," ಎಂದಳು.

ಜಲಜಾಕ್ಷಿ ಇನ್ನೊಂದು ಚಕ್ಕುಲಿ ತೆಗೆದುಕೊಂಡಳು. ಒಬ್ಬಳು ಸೆರೆಯಲ್ಲಿರುವುದಕ್ಕಿಂತ ಇಬ್ಬರು ಸೆರೆಯಲ್ಲಿರುವುದು ಮೇಲೋ ಎಂದು ಅವಳು ಒಂದು ಗಳಿಗೆ ಪ್ರಾಮಾಣಿಕವಾಗಿ ಯೋಚಿಸಿದಳು. ಅಷ್ಟರಲ್ಲಿ ಹೊರಗಿನಿಂದ ಮಾದೇವಪ್ರಸಾದನ ದನಿ ಕೇಳಿತು: "ನಮ್ಮನೆ ಪಕ್ಕಕ್ಕೆ ಬರೋದೇ ಬೇಡ ಕಣ್ರೀ ನೀವು. ಬೇರೆ ಏರಿಯಾ ನೋಡ್ಕೊಳ್ಳಿ." ಎರಡನೆಯ ಯುದ್ಧ ಹೀಗೆ ಮುಗಿಯಿತು. ವಾಮನನು ಒದ್ದೆಯಾಗಿಯೇ ಕಾರನ್ನೇರಿದನು. ಆ ಬಿಸಿಲಿನಲ್ಲಿ ಗೇಟು ದಾಟುವಷ್ಟರಲ್ಲಿ ಗರಿಗರಿಯಾಗಿ ಒಣಗಿ ಕುಳಿತನು.

ಆ ಮಧ್ಯಾಹ್ನದ ಮುಂದಿನ ಘಟನೆ ಯಾರ ಯೋಜನೆಯಲ್ಲೂ ಇರಲಿಲ್ಲ. ನಿಸಾರನಿಗೆ ನಮಾಜಿನ ಹೊತ್ತಾಯಿತು. ದಾರಿಯಲ್ಲಿದ್ದ ಮಸೀದಿಯ ಎದುರು ಅವನು ಕಾರು ನಿಲ್ಲಿಸಿ, "ಈಗ ಬತ್ತೆ ಅಕ್ಕ, ಎ.ಸಿ. ಹಾಕಿ ಕೂಕಣಿ," ಎಂದು ಇಳಿದುಹೋದನು. ಅಲ್ಲೊಂದು ಬಡಾವಣೆಯಿತ್ತು. ಅದಕ್ಕೆ ಹೆಸರು ಇಡುವಷ್ಟು ಪ್ರೀತಿ ಕಟ್ಟಿದವನಿಗೂ ಬಂದಿರಲಿಲ್ಲವಾದ್ದರಿಂದ ಬ್ಲಾಕ್ ಒಂಬತ್ತು ಎಂದು ಕರೆಯುತ್ತಿದ್ದರು. ಮೊದಲು ಬಂದ ಕೂಲಿಕಾರರಿಗೂ ಗುಮಾಸ್ತರಿಗೂ ಕಟ್ಟಿದ ಮೂರು ಮಹಡಿಯ ಕಟ್ಟಡಗಳು. ಕೆಳಗೆ ಸಾಲಾಗಿ ಕ್ಷೌರದಂಗಡಿ, ಇಸ್ತ್ರಿಯಂಗಡಿ, ತರಕಾರಿ, ಚಹಾ. ಮುಂದೆ ಮಕ್ಕಳು ಚೆಂಡು ಒದೆಯುವ ಧೂಳಿನ ಜಾಗ. ಬಾಲ್ಕನಿಗಳಲ್ಲಿ ಲುಂಗಿಗಳು ಹಾರಾಡುತ್ತಿದ್ದವು.

ವಾಮನನು ಕಾರಿನೊಳಗಿಂದಲೇ ಆ ಕಟ್ಟಡಗಳನ್ನು ಪರೀಕ್ಷಿಸಿ ನಡುಗಿದನು. ತಾರಸಿ ರೊಟ್ಟಿಯಂತೆ ಚಪ್ಪಟೆ. ಪಡುಗೋಡೆಯ ತುಂಬ ಕಿಟಕಿ. ಚರಂಡಿಯ ಬಾಯಲ್ಲಿ ಮರಳು, ಮರಳಿನಲ್ಲಿ ಒಂದು ಚಪ್ಪಲಿ. ಹೀಗೆ ಒಂದೊಂದೇ ದೋಷವನ್ನು ಎಣಿಸಿ ಪಕ್ಕಕ್ಕೆ ತಿರುಗಿದರೆ ಹೆಂಡತಿಯ ಸೀಟು ಬರಿದಾಗಿತ್ತು.

ಅವಳು ಮರಳಿ ಬಂದದ್ದು ನಿಸಾರನ ನಮಾಜು ಮುಗಿದು, ಅವನು ಚಹಾ ಕುಡಿದು, ವಾಮನನು ಮೂರು ಬಾರಿ ಹಾರ್ನು ಒತ್ತಿದ ಮೇಲೆ. ಕೈಯಲ್ಲಿ ಕೆಂಪು ಹರಿವೆಯ ಕಟ್ಟು. ಮುಖದಲ್ಲಿ ಬೆವರು, ಬೆವರಿನಡಿಯಲ್ಲಿ ಬೆಳಕು.

"ತರ್ಕಾರಿ ಅಂಗ್ಡಿಯರ್ ಕಾಸರಗೋಡ್ನರ್. ಕನ್ನಡ ಮಾತಾಡ್ತ್ರ್. ಹರ್ಗಿ ಸೊಪ್ಪ್ ಅವ್ರೇ ತಾರಸಿ ಮೇಲ್ ಬೆಳೂದಂಬ್ರ್. ಇಸ್ತ್ರಿ ಮಾಡೂ ಹುಡ್ಗನ್ ಹೆಂಡ್ತಿಗ್ ಈಗ ಏಳ್ ತಿಂಗ್ಳ್. ಮೂರ್ನೇ ಮಾಳ್ಗಿ ಮನಿ ಖಾಲಿ ಇತ್ತಂಬ್ರ್." ಅವಳು ಒಂದೇ ಉಸಿರಿಗೆ ಇಷ್ಟನ್ನು ಹೇಳಿ ಕಾರಿನ ಬಾಗಿಲು ಹಿಡಿದು ನಿಂತಳು. "ಇಲ್ಲೇ ಇಪ್ಪ."

"ಇಲ್ಲಾ?"

"ಇಲ್ಲೇ."

"ನಿಂಗ್ ಮಂಡೆ ಸರಿ ಇತ್ತಾ? ತಾರಸಿ ಕಾಣ್, ಚಪ್ಟಿ. ಒಂದ್ ಮಳಿ ಬಂದ್ರೆ ಮೇಲ್ ನೀರ್ ನಿಲ್ತ್. ಮೂರ್ನೇ ಮಾಳ್ಗಿ ಅಂದ್ರೆ ಸೀದಾ ನಮ್ಮ್ ಮಂಡೆ ಮೇಲೇ."

"ಹ್ವಾಯ್, ನೀವ್ ಬೆಳಿಗ್ಗೆ ಕೆಲ್ಸಕ್ಕ್ ಹೋತ್ರಿ. ನಾ ಎಂತ ಮಾಡುದ್, ದಿನ ಇಡೀ ನೀರ್ ಎತ್ಲಾಗ್ ಹೋತ್ತ್ ಅಂದೇಳಿ ಕಾಂತಾ ಕೂಕಂಬುದಾ?"

ನಿಸಾರನು ಕೆಮ್ಮಿ, ಬ್ಲಾಕ್ ಒಂಬತ್ತೂ ಕಂಪನಿಯ ಪಟ್ಟಿಯಲ್ಲಿದೆ, ಯಾರೂ ಕೇಳುವುದಿಲ್ಲವೆಂದು ತಾನು ತೋರಿಸುವುದಿಲ್ಲ ಎಂದನು. ವಾಮನನು ಅವನನ್ನು ನೋಡಿದ ನೋಟಕ್ಕೆ ಆ ಸತ್ಯವಾಕ್ಯವು ಅರ್ಧದಲ್ಲೇ ಒಣಗಿತು. ಸೂರ್ಯನಾದರೋ ಪಡುವಣಕ್ಕೆ ವಾಲುತ್ತಿದ್ದನು. "ಇನ್ನೊಂದ್ ಮನಿ ಇತ್ತ್," ಎಂದನು ನಿಸಾರ್. "ಸ್ವಲ್ಪ ದೂರ."

ಆ ದೂರವನ್ನು ಬಣ್ಣಿಸಲು ನನಗೆ ಇನ್ನೊಂದು ನಾಲಗೆ ಬೇಕು. ಮೊದಲು ಮರಗಳು ಮುಗಿದವು. ಆಮೇಲೆ ದೀಪದ ಕಂಬಗಳು ಮುಗಿದವು. ಆಮೇಲೆ ಫೋನಿನಲ್ಲಿ ದಾರಿ ಹೇಳುತ್ತಿದ್ದ ಹೆಂಗಸು ಮಾತು ನಿಲ್ಲಿಸಿದಳು. ಎಲ್ಲ ಮುಗಿದ ಮೇಲೆ, ಮರಳಿನ ದಿಬ್ಬವೊಂದರ ನೆತ್ತಿಯಲ್ಲಿ, ಡ್ಯೂನ್ ಕ್ರೆಸ್ಟ್ ಎಂಬ ಬಡಾವಣೆಯ ಮೊದಲನೆಯದೂ ಸದ್ಯಕ್ಕೆ ಕೊನೆಯದೂ ಆದ ಮನೆ ನಿಂತಿತ್ತು.

ವಾಮನನು ಕಾರಿನಿಂದ ಇಳಿದು ಮನೆಗೆ ಒಂದು ಪ್ರದಕ್ಷಿಣೆ ಬಂದನು.

ಎತ್ತರದ ಜಗಲಿ. ಪಡುವಣಕ್ಕೆ ಕಿಟಕಿಯಿಲ್ಲದ, ಸೊಂಟಕ್ಕೆ ಕೈಯಿಟ್ಟು ನಿಂತ ಪೈಲ್ವಾನನಂಥ ಗೋಡೆ. ಬಿಸಿಲಿಗೆಂದು ಚಾಚಿದ್ದರೂ ಮಳೆಗೇ ಹೇಳಿ ಮಾಡಿಸಿದಂತಿದ್ದ ಉದ್ದನೆಯ ಸೂರು. ಅಂಗಳದ ಸುತ್ತ, ಮಗುವೊಂದು ಸುಖವಾಗಿ ಮಲಗಬಹುದಾದಷ್ಟು ಅಗಲದ ಚರಂಡಿ. ಯಾವ ದೇಶದ ಎಂಜಿನಿಯರನು ಯಾವ ಊರಿನ ಮಳೆಯನ್ನು ನೆನೆದು ಇದನ್ನು ಬರೆದನೋ. ವಾಮನನು ಕ್ಯಾನನ್ನೆತ್ತಿ, ಅದರಲ್ಲಿ ಉಳಿದಿದ್ದ ನೀರನ್ನೆಲ್ಲ ಹೊಸ್ತಿಲಿನ ಮೇಲೆಯೇ ಸುರಿದನು.

ನೀರು ಅರೆಗಳಿಗೆ ನಿಂತಿತು. ಆಮೇಲೆ ಬೆನ್ನು ತಿರುಗಿಸಿತು. ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಅಂಗಳವನ್ನು ರಾಜಗಾಂಭೀರ್ಯದಿಂದ ದಾಟಿ, ಚರಂಡಿಯನ್ನು ಹೊಕ್ಕು, ಗೇಟಿನಡಿಯಿಂದ ಹಾದು, ಮನೆಯ ಕಡೆಗೆ ಒಮ್ಮೆಯೂ ತಿರುಗಿ ನೋಡದೆ ಮರುಭೂಮಿಗೆ ಹೊರಟುಹೋಯಿತು. ವಾಮನನ ಕಣ್ಣಲ್ಲಿ ನೀರು ಬಂದಿತು. ಅದೂ ಸರಿಯಾದ ದಿಕ್ಕಿಗೇ ಇಳಿಯಿತು.

"ಮುಂದಕ್ಕ್ ಶಾಲಿ ಅಲ್ಲ್ ಬತ್ತ್," ಎಂದು ನಿಸಾರನು ಕಾರಿನ ಕಿಟಕಿಯ ಬಳಿ ಬಗ್ಗಿ, ಜಲಜಾಕ್ಷಿಗೆ ಮರಳನ್ನು ತೋರಿಸುತ್ತಿದ್ದನು. "ಮಾಲ್ ಅಲ್ಲ್ ಬತ್ತ್. ಬಸ್‌ಸ್ಟ್ಯಾಂಡ್ ಅದರಾಚಿಗ್ ಬತ್ತ್."

"ಈಗ ಎಂತ ಇತ್ತ್?"

ನಿಸಾರನು ನಾಲ್ಕು ದಿಕ್ಕಿಗೂ ನೋಡಿದನು. ಅವನು ದಲ್ಲಾಳಿಯಾಗಿದ್ದರೂ ಗಂಗೊಳ್ಳಿಯವನು. "ಗಾಳಿ ಇತ್ತ್ ಅಕ್ಕ," ಎಂದನು.

ಆಗ ವಾಮನನು ನಿಸಾರನ ಕೈಯಿಂದ ಬೀಗದ ಕೈಯನ್ನು ಪಡೆದು, ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಗೆದ್ದ ರಾಜ್ಯದ ಮುಕುಟವನ್ನು ಮಡದಿಯ ಪಾದಕ್ಕೆ ತರುವ ದಿಗ್ವಿಜಯಿಯಂತೆ ಕಾರಿನ ಕಡೆಗೆ ನಡೆದನು. ಪಡುವಣದ ಸೂರ್ಯನು ಅವನ ಬೆನ್ನ ಹಿಂದೆ ನಿಂತನು. ಗಾಳಿಯು ಅವನ ಅಂಗಿಯ ತುದಿಯನ್ನು ಪತಾಕೆಯಂತೆ ಎತ್ತಿತು. "ಎಲೈ ಜಲಜಾಕ್ಷಿ, ಕಮಲದಳನಯನೇ, ಸಹಧರ್ಮಿಣೀ," ಎಂದಿತು ಅವನ ಹೃದಯ, "ಏಳು ಸಮುದ್ರಗಳು ಒಂದಾಗಿ ಬಂದರೂ ನಿನ್ನ ಅಡುಗೆಮನೆಯ ಬೆಂಕಿಪೆಟ್ಟಿಗೆ ಒದ್ದೆಯಾಗದ ದುರ್ಗವನ್ನು ನಿನಗಾಗಿ ಜಯಿಸಿ ತಂದಿದ್ದೇನೆ. ಇದೋ, ಸ್ವೀಕರಿಸು."

"ತಕೋ," ಎಂದಿತು ಬಾಯಿ. "ಒಂದ್ ಹನಿ ಒಳ್ಗ್ ಬತ್ತಿಲ್ಲೆ."

ಜಲಜಾಕ್ಷಿ ಕಿಟಕಿಯ ಗಾಜನ್ನು ಅರ್ಧ ಇಳಿಸಿ ನೋಡಿದಳು. ಗಂಡನ ಅಂಗೈಯಲ್ಲಿದ್ದದ್ದು ಹಳದಿ ಪ್ಲಾಸ್ಟಿಕ್ ಚೀಟಿ ಕಟ್ಟಿದ ಒಂದು ಸಣ್ಣ ಅಲ್ಯೂಮಿನಿಯಂ ಕೀಲಿ, ಅಡುಗೆಮನೆಯ ಕಪಾಟಿನದೂ ಆಗಬಹುದಾಗಿದ್ದಂಥದು. ಅವನ ಹಿಂದೆ, ಮರುಭೂಮಿಗೆ ಹೊರಟ ಮಹಾನದಿಯು ಗೇಟು ದಾಟಿ ಒಂದು ಮಾರಿನಷ್ಟು ಹೋಗಿ, ಒಣಗಿ, ಯಾರೋ ಚಹಾ ಚೆಲ್ಲಿದ ಗುರುತಿನಂತೆ ಉಳಿದಿತ್ತು.

"ಯಾರ್ ಇದ್ರ್ ಇಲ್ಲ್?" ಎಂದಳು.

"ನಾವ್ ಇಪ್ಪುದಲ್ದಾ."

"ನೀವ್ ಕೆಲ್ಸಕ್ಕ್ ಹೋದ್ ಮೇಲೆ?"

ವಾಮನನು ಮೊದಲ ಬಾರಿಗೆ ಇಳಿಜಾರಿನಿಂದ ಕಣ್ಣು ಕಿತ್ತು ಸುತ್ತ ನೋಡಿದನು. ನೋಡಲು ಏನೂ ಇರಲಿಲ್ಲವಾದ್ದರಿಂದ ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಶುಕ್ರವಾರ ಶುಕ್ರವಾರ ಪ್ಯಾಟಿಗ್ ಕರ್ಕಂಡ್ ಹೋತೆ," ಎಂದನು, ಸ್ವಲ್ಪ ತಗ್ಗಿದ ದನಿಯಲ್ಲಿ.

"ಬ್ಯಾಡ."

"ಫೋನ್ ಮಾಡ್ತೆ ಮಧ್ಯಾಹ್ನ."

"ಬ್ಯಾಡ."

"ಹೊತ್ತ್ ಮುಳ್ಗತ್ತ್ ಮರಾಯ್ತಿ. ಹೆಸ್ರ್ ಹೇಳ್ಕಲ್ದಾ ಈಗ. ಒಂದ್ ಸರ್ತಿ ಇಳ್ದ್ ಬಂದ್ ಅಡ್ಗಿಮನಿ ಆರೂ ಕಾಣ್."

ಕೀಲಿ ಅವನ ಅಂಗೈಯಲ್ಲಿ ಬಿಸಿಯಾಗುತ್ತಿತ್ತು. ನಿಸಾರನು ಕೊಡೆಯನ್ನು ಮಡಚಿದನು. ಜಲಜಾಕ್ಷಿ ಮಡಿಲಿನಲ್ಲಿದ್ದ ಹರಿವೆ ಸೊಪ್ಪು ಬಾಡದಂತೆ ಸೆರಗು ಮುಚ್ಚಿ, ಗಾಜನ್ನು ಮೇಲಕ್ಕೇರಿಸುತ್ತ ಹೇಳಿದಳು:

"ನಾ ಇಳಿತಿಲ್ಲೆ."